ನನ್ನ ಸೊಸೆಯ ನೆಟ್ಟು ಯಾಕೆ ನಿಧಾನವಾಗಿತ್ತು

ಅತ್ತೆ ಬಾಯಲ್ಲಿ ಸೊಸೆಯ ಹೊಗಳಿಕೆ ಬಂದ್ರೆ ಕೇಳೋರಿಗೆ ಅನುಮಾನ ಬರುತ್ತೆ, ಈ ಮುದುಕಿಗೆ ಏನೋ ಕೆಲಸ ಆಗಬೇಕಿದೆ ಅಂತ. ನನಗೇನೂ ಆಗಬೇಕಿಲ್ಲ. ನನ್ನ ಸೊಸೆ ಅಂಥಾ ಸಾಧು ಪ್ರಾಣಿಯೂ ಅಲ್ಲ. ಒಣಗಿದ ಬಟ್ಟೆ ಮಡಿಸದೆ ಕುರ್ಚಿ ಮೇಲೆ ಗುಡ್ಡೆ ಹಾಕ್ತಾಳೆ, ಚಹಾಗೆ ಸಕ್ಕರೆ ಹಾಕೋದು ಮರೀತಾಳೆ, ಒಂದು ಮಾತಿಗೆ ಎರಡು ಮಾತು ತಿರುಗಿ ಕೊಡ್ತಾಳೆ. ಆದರೂ ಅವಳ ಕಥೆ ಹೇಳೋಕೆ ಕೂತಿದ್ದೀನಿ. ಅವಳಿಗೆ ಆದ ಮೋಸ ನನ್ನ ಕಣ್ಣೆದುರೇ ಆಯ್ತು, ಮಾಡಿದವನು ನನ್ನ ಹೊಟ್ಟೇಲಿ ಹುಟ್ಟಿದವನೇ. ಬೇರೆಯವರ ಮಗ ಆಗಿದ್ದಿದ್ರೆ ಇಷ್ಟು ಹೊತ್ತಿಗೆ ಬೀದಿಗೆಲ್ಲ ಡಂಗುರ ಹೊಡೆದು ಸುಮ್ಮನಾಗಿರ್ತಿದ್ದೆ.

ಅವಳಿಗೆ ನಾನಿಟ್ಟ ಹೆಸರು ಟಕಟಕಿ. ಮೊದಲು ಬೆನ್ನ ಹಿಂದೆ ಕರೀತಿದ್ದೆ, ಈಗ ಮುಖದೆದುರೇ ಕರೀತೀನಿ, ಅವಳೂ ಓಗೊಡ್ತಾಳೆ. ಅವಳಪ್ಪ ಕೋರ್ಟಿನ ಗೇಟಿನ ಪಕ್ಕ ಟೈಪ್‌ರೈಟರ್ ಇಟ್ಕೊಂಡು ಅರ್ಜಿ ಬರೆದುಕೊಡ್ತಿದ್ರು. ಕಣ್ಣು ಮಂಜಾದ ಮೇಲೆ ಅಪ್ಪ ಹೇಳೋದು, ಮಗಳು ಬಡಿಯೋದು. ಬಂದವರು ಅಳ್ತಾ ಹೇಳಲಿ, ಅಣ್ಣತಮ್ಮಂದಿರನ್ನ ಬೈತಾ ಹೇಳಲಿ, ಇವಳ ಬೆರಳು ನಿಲ್ಲಬಾರದು. ಆ ಅಭ್ಯಾಸ ಮೈಗೆ ಅಂಟಿಬಿಟ್ಟಿದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಜಗಳ ಆಡಿದ್ರೆ ಅದನ್ನ ಕೈಚೀಲದ ಮೇಲೆ ಬೆರಳಲ್ಲಿ ಟೈಪ್ ಮಾಡ್ತಾ ಕೂರ್ತಾಳೆ. ನಾನು ಬೈಯೋವಾಗಲೂ ಮಾಡ್ತಾಳೆ. ಎಷ್ಟೋ ಸಲ ಅವಳ ಕೈ ಹಿಡಿದು, ನಾನೇನು ಕಕ್ಷಿದಾರಳೇನೇ ಅಂತ ಕೇಳಿದ್ದೀನಿ.

ಟೈಪ್ ಮಾಡೋರನ್ನ ಕೇಳೋರಿಲ್ಲದ ಕಾಲ ಬಂತು. ಮದುವೆಯಾಗಿ ನಮ್ಮನೆಗೆ ಬಂದ ಮೇಲೆ ಬಹಳ ದಿನ ಸುಮ್ಮನೆ ಕೂತಿದ್ಲು. ಸುಮ್ಮನೆ ಅಂದ್ರೆ ಮನೆಗೆಲಸ ಪೂರಾ ಮಾಡ್ಕೊಂಡು, ನಾವು ಗಂಡಸರು ಹೆಂಗಸರು ಎಲ್ಲರೂ ಅದನ್ನೇ ತಾನೆ ಸುಮ್ಮನೆ ಕೂರೋದು ಅನ್ನೋದು. ಆಮೇಲೆ ಎಲ್ಲಿಂದಲೋ ಈ ಹೊಸ ಕೆಲಸ ಹುಡುಕ್ಕೊಂಡ್ಲು. ದೂರದ ಒಂದು ಕಾಲೇಜಿನಲ್ಲಿ ಕಿವಿ ಕೇಳದ ಹುಡುಗಿ ಒಬ್ಬಳು ಔಷಧಿ ಮಾಡೋ ವಿದ್ಯೆ ಓದ್ತಾಳೆ. ಮೇಷ್ಟ್ರು ಅಲ್ಲಿ ಮಾತಾಡಿದ್ದು ನೆಟ್ಟಿನಲ್ಲಿ ನಮ್ಮ ಒಳಕೋಣೆಗೆ ಬರುತ್ತೆ. ಇವಳು ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾ ಕೇಳ್ತಾ ಟೈಪ್ ಮಾಡ್ತಾಳೆ, ಅಕ್ಷರ ಅಲ್ಲಿ ಆ ಹುಡುಗಿ ಮುಂದಿನ ಪರದೆ ಮೇಲೆ ಮೂಡುತ್ತೆ. ಪಾಠ ಮಾತ್ರ ಅಲ್ಲ. ಮೇಷ್ಟ್ರು ಕೆಮ್ಮಿದ್ರೆ ಕೆಮ್ಮಿದ್ರು ಅಂತ, ಬಾಗಿಲು ಬಡಿದ್ರೆ ಬಾಗಿಲು ಬಡೀತು ಅಂತ ಬರೀಬೇಕು. ಆ ಹುಡುಗಿಗೆ ಕಿವಿ ಅಂದ್ರೆ ನಮ್ಮ ಟಕಟಕಿಯ ಹತ್ತು ಬೆರಳು. ಆ ಕೆಲಸ ಸಿಕ್ಕ ಮೇಲೆ ಅವಳು ನಡೆಯೋ ನಡಿಗೆಯೇ ಬೇರೆ ಆಯ್ತು.

ಅಷ್ಟು ಬೇಗ ಪೂರಾ ಪದ ಒತ್ತೋಕೆ ಯಾರ ಕೈಲೂ ಆಗಲ್ಲ. ಅದಕ್ಕೆ ಅವಳು ಕೋರ್ಟಿನ ಗೇಟಿನ ಕಾಲದಿಂದ ತನ್ನದೇ ಚುಟುಕು ಕಟ್ಕೊಂಡು ಬಂದಿದ್ಲು. ಎರಡೇ ಅಕ್ಷರ ಒತ್ತಿದ್ರೆ ಸಾಕು, ಕಂಪ್ಯೂಟರ್ರು ಅದನ್ನ ಬಿಡಿಸಿ ಪೂರಾ ಪದ ಬರೆಯುತ್ತೆ. ಸಾವಿರಾರು ಚುಟುಕು ಆ ಕಂಪ್ಯೂಟರ್ ಒಳಗೆ ಇದ್ದವು. ಬೇರೆ ಹೆಂಗಸರು ಒಡವೆ ತೋರಿಸೋ ಹಾಗೆ ಇವಳು ನನಗೆ ಒಂದೊಂದು ಚುಟುಕು ತೋರಿಸಿ ಹಿಗ್ಗೋಳು. ನನಗೆ ತಲೆಬುಡ ತಿಳಿಯದಿದ್ರೂ ಹೂಂ ಹೂಂ ಅಂತಿದ್ದೆ.

ಕೆಲವು ತಿಂಗಳು ಎಲ್ಲ ಸರಾಗವಾಗಿ ನಡೀತು. ಆಮೇಲೆ ನೆಟ್ಟು ಹದಗೆಡ್ತು. ಮೇಷ್ಟ್ರ ಮಾತು ಕಡಿದು ಕಡಿದು ಬರೋದು, ಇವಳು ಟೈಪ್ ಮಾಡಿದ್ದು ನಿಂತು ನಿಂತು ಹೋಗೋದು. ಅಲ್ಲಿ ತರಗತಿಯಲ್ಲಿ ಏನಾಗ್ತಿತ್ತು ಅಂದ್ರೆ, ಮೇಷ್ಟ್ರು ಏನೋ ತಮಾಷೆ ಮಾಡಿದಾಗ ಎಲ್ಲರೂ ನಕ್ಕು ಮುಗಿಸಿ ಪುಸ್ತಕದ ಪುಟ ತಿರುಗಿಸಿದ ಮೇಲೆ ಈ ಹುಡುಗಿ ಒಬ್ಬಳೇ ನಗೋಳು. ಎಲ್ಲರೂ ತಿರುಗಿ ನೋಡೋರು. ಒಂದು ದಿನ ಆ ಹುಡುಗಿ ಟಕಟಕಿಗೆ ಬರೆದಿದ್ಲಂತೆ, ಅಕ್ಕಾ, ಇನ್ನು ಮುಂದೆ ತಮಾಷೆ ಬಂದ್ರೆ ಟೈಪ್ ಮಾಡಬೇಡಿ ಅಂತ. ಅದನ್ನ ಹೇಳಿ ನನ್ನ ಸೊಸೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ಲು. ನಲ್ಲಿ ಸದ್ದಿಗೆ ಅಳು ಕೇಳಿಸಲ್ಲ ಅಂದ್ಕೊಂಡಿದ್ಲು.

ಈಗ ನನ್ನ ಮಗನ ವಿಷಯಕ್ಕೆ ಬರ್ತೀನಿ. ಅವನು ಕಟ್ಟಡದ ನಕ್ಷೆ ಬರೆಯೋನು. ಅರ್ಧ ವಾರ ಆಫೀಸಿಗೆ ಹೋಗ್ತಾನೆ, ಉಳಿದರ್ಧ ಹಾಲಿನ ಕಿಟಕಿ ಪಕ್ಕ ಮೇಜು ಹಾಕ್ಕೊಂಡು ಮನೇಲೇ ಮಾಡ್ತಾನೆ. ನೆಟ್ಟಿನ ಡಬ್ಬಿ ಇರೋದೂ ಅವನ ತಲೆ ಮೇಲಿನ ಹಲಗೆ ಮೇಲೇ. ಮನೇಲಿ ಯಾರ ಫೋನು ಕೆಟ್ಟರೂ ಅವನೇ ಗತಿ, ಹಾಗಾಗಿ ಅವನನ್ನ ನಾವು ಸರ್ವಿಸ್ ಸೆಂಟರ್ ಅಂತಿದ್ವಿ. ಅವನಿಗೂ ಆ ಹೆಸರು ಇಷ್ಟ.

ಟಕಟಕಿ ಒಳಗಿಂದ, ರೀ, ಸ್ವಲ್ಪ ಬನ್ನಿ ಅಂತ ಕರೆಯೋಳು. ಇವನು ಎದ್ದು ಹೋಗೋನು. ಪಾಪ, ಎಷ್ಟು ತಾಳ್ಮೆ ನನ್ನ ಮಗನಿಗೆ ಅಂತ ನಾನೂ ಬೀಗಿದ್ದೆ. ಮೊದಲು, ಕಂಪ್ಯೂಟರ್ರು ನಮಗೆ ಹೇಳದೆ ತನ್ನಷ್ಟಕ್ಕೆ ಏನೇನೋ ಇಳಿಸಿಕೊಳ್ತಾ ಇರುತ್ತೆ, ಅದು ನೆಟ್ಟು ತಿನ್ನುತ್ತೆ ಅಂತ ಅದನ್ನ ನಿಲ್ಲಿಸಿದ. ಸರಿ ಹೋಗಲಿಲ್ಲ. ಇಳಿಸಿಕೊಂಡಿದ್ದನ್ನ ಊರಿನ ಬೇರೆ ಕಂಪ್ಯೂಟರ್‌ಗಳಿಗೂ ಹಂಚೋ ಒಂದು ಸೆಟ್ಟಿಂಗ್ ಇದೆಯಂತೆ, ದಾನಶೂರ ಕರ್ಣನ ಹಾಗೆ, ಅದನ್ನೂ ಆರಿಸಿದ. ಸರಿ ಹೋಗಲಿಲ್ಲ. ಕರೆಂಟು ಉಳಿಸೋಕೆ ವೈಫೈ ಆಗಾಗ ತೂಕಡಿಸುತ್ತೆ ಅಂತ ಅದರ ತೂಕಡಿಕೆ ಬಿಡಿಸಿದ. ವಿಳಾಸ ಹುಡುಕೋ ನಂಬರು ಬದಲಾಯಿಸಿದ. ಹಳೇ ಕಸ ಅಳಿಸಿದ. ಇವಳು ಪಕ್ಕದಲ್ಲಿ ನಿಂತು ಒಂದೊಂದನ್ನೂ ನೋಡಿ ಕಲೀತಿದ್ಲು. ನೀವಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತು ರೀ ಅಂತಿದ್ಲು. ಅವನು ಅದನ್ನ ಕೇಳಿಸ್ಕೊಂಡು, ಇರಲಿ ಬಿಡು ಅನ್ನೋನು. ಆ ಇರಲಿ ಬಿಡು ನೆನೆಸಿಕೊಂಡ್ರೆ ಈಗಲೂ ನನಗೆ ಮೈ ಉರಿಯುತ್ತೆ.

ಕೊನೆಗೆ ಒಂದು ಭಾನುವಾರ, ಎಲ್ಲ ಅಳಿಸಿ ಹೊಸದಾಗಿ ಹಾಕದೆ ಬೇರೆ ದಾರಿ ಇಲ್ಲ ಅಂದ. ಚುಟುಕುಗಳು ಅಂತ ಇವಳು ಬಾಯಿ ತೆಗೆದ್ಲು. ಅವೆಲ್ಲ ಒಂದು ಕಡೆ ಎತ್ತಿಟ್ಟಿದ್ದೀನಿ, ವಾಪಸ್ ಬರುತ್ತೆ ಅಂದ. ಅಳಿಸಿ ಹಾಕಿದ. ಬರಲಿಲ್ಲ. ಎತ್ತಿಟ್ಟಿದ್ದು ಬೇರೇನೋ, ಚುಟುಕು ಎತ್ತಿಡೋದೇ ಬಿಟ್ಟುಹೋಗಿತ್ತು. ಸಾರಿ ಅಂದ. ಅವಳು ಅವನ ಮೇಲೆ ಒಂದು ಮಾತು ಎತ್ತಲಿಲ್ಲ. ನನ್ನ ಸಲುವಾಗಿ ರಜೆ ದಿನವೆಲ್ಲ ಕಳೆದ್ರು ಅತ್ತೆ, ಏನಂತ ಬೈಲಿ ಅಂದ್ಲು. ಮತ್ತೆ ಮೊದಲಿಂದ ಒಂದೊಂದೇ ಚುಟುಕು ನೆನಪಿಸ್ಕೊಂಡು ಹಾಕೋಕೆ ಕೂತ್ಲು. ನೆಟ್ಟು ಅಷ್ಟಾದರೂ ಸರಿ ಹೋಗಲಿಲ್ಲ.

ಕಾಲೇಜಿನವರು ಎಷ್ಟು ದಿನ ಕಾಯ್ತಾರೆ. ಅವರ ಮೇಡಂ ಒಬ್ಬರು ಫೋನ್ ಮಾಡಿ, ಮುಂದಿನ ವಾರ ನಾನೇ ಕೂತು ಒಂದು ಪಾಠ ಪೂರ್ತಿ ನೋಡ್ತೀನಿ, ಆವತ್ತೂ ಹೀಗೇ ಆದ್ರೆ ಆ ಹುಡುಗಿಗೆ ತಾನಾಗೇ ಬರೆಯೋ ಮಷೀನು ಹಾಕಿಬಿಡ್ತೀವಿ ಅಂದ್ರು. ಆ ಮಷೀನು ಔಷಧಿ ಹೆಸರು ಒಂದೂ ನೆಟ್ಟಗೆ ಬರೆಯಲ್ಲ ಅಂತ ಟಕಟಕಿಗೆ ಗೊತ್ತು, ಆ ಹುಡುಗಿಗೂ ಗೊತ್ತು. ಕೆಲಸ ಹೋದ್ರೆ ಇವಳು ಮತ್ತೆ ಸುಮ್ಮನೆ ಕೂರೋಳೇ. ಈ ವಯಸ್ಸಿಗೆ ಇನ್ನೊಂದು ಸಿಗಲ್ಲ ಅಂತ ಅವಳೇ ಹೇಳ್ಕೊಂಡ್ಲು.

ಮುಖ್ಯ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರೋ ಹೆಂಗಸಿನ ಹತ್ತಿರ ಕೇಳಿದ್ಲು. ಒಳಗಿರೋ ವೈಫೈ ಭಾಗ ಸೋತಿರಬಹುದು, ಹೊರಗಿಂದ ಸಿಕ್ಕಿಸೋದು ಒಂದು ಹಾಕಿ ನೋಡಿ ಅಂತ ಆಕೆ ಬೆರಳುದ್ದದ ಕಡ್ಡಿ ಕೊಟ್ಟಳು. ಅದನ್ನ ಸಿಕ್ಕಿಸಿದ್ದೇ ತಡ, ನೆಟ್ಟು ಕುದುರೆ ಆಯ್ತು. ಆ ದಿನದ ಪಾಠ ಒಂದು ಅಕ್ಷರ ತಡೆಯದೆ ಹೋಯ್ತು. ಟಕಟಕಿ ಹೊರಗೆ ಬಂದು ನನ್ನನ್ನ ತಬ್ಬಿಕೊಂಡ್ಲು, ಗಂಡನಿಗೆ ಆ ಕಡ್ಡಿ ತೋರಿಸಿದ್ಲು. ಅವನು, ಹೌದಾ, ಒಳ್ಳೇದಾಯ್ತು ಬಿಡು ಅಂದ. ಊಟ ಸೇರಲಿಲ್ಲ ಅವನಿಗೆ ಆವತ್ತು. ಹೊಟ್ಟೆ ಸರಿಯಿಲ್ಲವೇನೋ ಅಂದ್ಕೊಂಡು ನಾನು ಜೀರಿಗೆ ಕುದಿಸಿ ಕೊಟ್ಟೆ.

ಮಾರನೇ ದಿನ ಮಧ್ಯಾಹ್ನ ನನ್ನ ಟ್ಯಾಬು ಕೆಡ್ತು. ದಿನಾ ಅದೇ ಹೊತ್ತಿಗೆ ನನ್ನ ತಂಗಿ ಜೊತೆ ಮುಖ ನೋಡ್ಕೊಂಡು ಮಾತಾಡೋದು ನನ್ನ ರೂಢಿ. ಆವತ್ತು ತಂಗಿ ಬಾಯಿ ತೆರೆದಿದ್ದು ತೆರೆದ ಹಾಗೇ ನಿಂತುಬಿಡ್ತು. ಅವಳ ಬಾಯಿ ನಿಲ್ಲೋದು ಅಂದ್ರೆ ಸಾಮಾನ್ಯ ಮಾತಲ್ಲ. ಟ್ಯಾಬು ಹಿಡ್ಕೊಂಡು ಮಗನ ಮೇಜಿನ ಹತ್ತಿರ ಹೋಗಿ ನಿಂತೆ.

ಅವನು ಟ್ಯಾಬಿನ ಕಡೆ ನೋಡಿದ, ನನ್ನ ಮುಖ ನೋಡಿದ, ಥತ್ ಅಂತ ನಾಲಿಗೆ ಕಚ್ಕೊಂಡ. ನನ್ನ ಕೈಯಿಂದ ಟ್ಯಾಬು ಇಸ್ಕೊಳ್ಳಲಿಲ್ಲ. ತನ್ನ ಕಂಪ್ಯೂಟರ್ ಕಡೆ ತಿರುಗಿ ಏನೋ ತೆರೆದು, ಅಲ್ಲಿ ಒಂದು ಒತ್ತಿದ, ಇಲ್ಲಿ ಒಂದು ಒತ್ತಿದ. ಈಗ ನೋಡಮ್ಮ ಅಂದ. ತಂಗಿ ಬಾಯಿ ಆಡೋಕೆ ಶುರುವಾಯ್ತು. ಅದೇ ಹೊತ್ತಿಗೆ ಒಳಕೋಣೆಯಿಂದ ಟಕಟಕಿ ದನಿ ಬಂತು, ಅಯ್ಯೋ, ಮತ್ತೆ ಹೋಯ್ತಲ್ಲಪ್ಪ ಅಂತ.

ನಾನು ಓದಿದವಳಲ್ಲದೆ ಇರಬಹುದು, ಗಂಡ ಮಕ್ಕಳ ಮುಖ ನೋಡಿ ನೋಡಿ ತಲೆ ನೆರೆತವಳು. ತಂಗಿಗೆ ಆಮೇಲೆ ಮಾತಾಡ್ತೀನಿ ಅಂದು ಟ್ಯಾಬು ಆರಿಸಿದೆ. ನನ್ನ ಟ್ಯಾಬು ಮುಟ್ಟದೆ ಹೇಗಪ್ಪಾ ಸರಿ ಮಾಡಿದೆ ಅಂತ ಮೆಚ್ಚಿಗೆಯಿಂದ ಕೇಳೋ ಹಾಗೆ ಕೇಳಿದೆ. ಎಲ್ಲದಕ್ಕೂ ನೆಟ್ಟು ಈ ಡಬ್ಬಿಯಿಂದ ತಾನೆ ಹೋಗೋದು, ಡಬ್ಬಿಯಲ್ಲೇ ಸರಿ ಮಾಡಿದೆ ಅಂದ. ಹಾಗಾದ್ರೆ ಡಬ್ಬಿಯಲ್ಲಿ ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಮ್ಮಿ ಬಿಡಬಹುದಾ ಅಂದೆ. ಬಿಡಬಹುದಮ್ಮ ಅಂದ, ಪರದೆ ಮೇಲಿಂದ ಕಣ್ಣು ತೆಗೆಯದೆ.

"ಸರಿ, ಹಾಗಾದ್ರೆ ಅವಳಿಗೂ ಜಾಸ್ತಿ ಬಿಡು," ಅಂದೆ.

ಅವನು ಪರದೆ ಮೇಲೆ ಏನೋ ಹುಡುಕೋನ ಹಾಗೆ ಮಾಡಿದ.

"ಇಷ್ಟು ದಿನ ಅವಳ ಕಂಪ್ಯೂಟರ್ ಹೊಟ್ಟೆ ಬಗೆದೆಯಲ್ಲೋ, ಒಂದು ದಿನವಾದರೂ ಈ ಡಬ್ಬಿ ಕಡೆ ತಿರುಗಿ ನೋಡಿದ್ಯಾ?"

"ಅಮ್ಮ, ಮೆಲ್ಲಗೆ ಮಾತಾಡು," ಅಂದ.

ನನಗೆ ಅಷ್ಟು ಸಾಕಾಯ್ತು. ತಪ್ಪಿಲ್ಲದವನು, ಏನು ಮಾತಾಡ್ತಿದ್ದೀಯಮ್ಮ ಅಂತಾನೆ. ಮೆಲ್ಲಗೆ ಮಾತಾಡು ಅನ್ನಲ್ಲ. ಆಮೇಲೆ ಒಂದೊಂದೇ ಹೊರಗೆ ಬಂತು. ನೆಟ್ಟು ಹದಗೆಟ್ಟ ದಿನದಿಂದಲೂ ಡಬ್ಬಿಯಲ್ಲಿ ಅವಳ ಕಂಪ್ಯೂಟರ್‌ಗೆ ಕಡಿವಾಣ ಹಾಕಿಟ್ಟಿದ್ದ. ಹೊಸ ಕಡ್ಡಿ ಸಿಕ್ಕಿಸಿದಾಗ ಡಬ್ಬಿಗೆ ಅದು ಬೇರೆ ಯಾವುದೋ ಹೊಸ ಯಂತ್ರ ಅನ್ನಿಸಿ, ಕಡಿವಾಣ ತಪ್ಪಿಸ್ಕೊಂಡಿತ್ತು. ಅದನ್ನ ಹುಡುಕಿ ಮತ್ತೆ ಕಟ್ಟೋಕೆ ಹೋಗಿ, ಆತುರದಲ್ಲಿ ಹೆತ್ತ ತಾಯಿಯ ಟ್ಯಾಬಿಗೆ ಕಟ್ಟಿಬಿಟ್ಟಿದ್ದ. ನಾನು ಬಂದು ನಿಂತಾಗ ಅದನ್ನ ಬಿಚ್ಚಿ ಹೆಂಡತಿಗೆ ಕಟ್ಟಿದ. ಅದೂ ನನ್ನ ಕಣ್ಣೆದುರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗೋದು ಅನ್ನೋ ಮಾತು ಎಷ್ಟೋ ಜನರ ಮೇಲೆ ಆಡಿದ್ದೆ. ನನ್ನ ಮನೆಯಲ್ಲೇ, ನಾನು ತೂಗಿ ಬೆಳೆಸಿದವನ ಮೇಲೆ ಆಡಬೇಕಾಗುತ್ತೆ ಅಂದ್ಕೊಂಡಿರಲಿಲ್ಲ.

ಅಮ್ಮ, ಅವಳಿಗೆ ಹೇಳಬೇಡ, ಈಗಲೇ ತೆಗೆದುಬಿಡ್ತೀನಿ, ಮುಗಿದುಹೋಗಲಿ ಅಂದ. ಕರುಳು ಒಂದು ಗಳಿಗೆ ಎಳೀತು, ಇಲ್ಲ ಅನ್ನಲ್ಲ. ಆದರೆ ಅವಳು ನಲ್ಲಿ ಬಿಟ್ಕೊಂಡು ಅತ್ತಿದ್ದನ್ನ ಕೇಳಿದವಳು ನಾನು. ಒಳಕೋಣೆಗೆ ಹೋಗಿ ಹೆಡ್‌ಫೋನ್ ತೆಗೆಸಿ ಹೇಳಿದೆ.

ಅವಳು ನಕ್ಕುಬಿಟ್ಲು. ಅತ್ತೆ, ನಿಮಗೆ ತಪ್ಪು ತಿಳಿದಿದೆ, ಅವರು ನನಗೋಸ್ಕರ ಎಷ್ಟು ಕಷ್ಟಪಟ್ಟಿದ್ದಾರೆ ನೀವೇ ನೋಡಿಲ್ವಾ ಅಂದ್ಲು. ಅವನ ಪರವಾಗಿ ನನಗೆ ಬುದ್ಧಿ ಹೇಳಿದ್ಲು. ಹೆತ್ತವಳು ನಾನು ಮಗನ ಮೇಲೆ ದೂರು ಹೇಳೋದು, ಹೊರಗಿಂದ ಬಂದವಳು ಅವನನ್ನ ಕಾಪಾಡೋದು. ನಾನು ಬೇರೇನೂ ಹೇಳದೆ ಅವಳ ಕೈ ಹಿಡ್ಕೊಂಡು ಹಾಲಿಗೆ ಕರ್ಕೊಂಡು ಬಂದೆ. ಅವನು ಎದ್ದು ನಿಂತಿದ್ದ, ತಲೆ ತಗ್ಗಿತ್ತು. ಅವಳು ಅವನನ್ನ ನೋಡಿದ್ಲು, ನನ್ನನ್ನ ನೋಡಿದ್ಲು. ಮುಖದ ಮೇಲಿದ್ದ ನಗು ಇಳೀತಾ ಹೋಯ್ತು.

ಯಾಕೆ ಅಂತ ಮಾತ್ರ ಕೇಳಿದ್ಲು. ಅವನು ಮೊದಲು ತನ್ನ ನಕ್ಷೆಗಳು ದೊಡ್ಡವು, ಕಳಿಸೋಕೆ ನೆಟ್ಟು ಸಾಲದು ಅಂತೇನೋ ತೊದಲಿದ. ಆ ನೆಪ ನಿಲ್ಲಲಿಲ್ಲ. ಆಮೇಲೆ ನಿಜ ಹೇಳಿದ. ಬೆಳಗಾದ್ರೆ ಹೆಡ್‌ಫೋನ್ ಹಾಕ್ಕೊಂಡು ಬಾಗಿಲು ಹಾಕ್ತೀಯ, ಕರೆದ್ರೆ ಕೇಳಿಸಲ್ಲ. ಯಾರೇ ಸಿಕ್ಕರೂ ನಿನ್ನ ಹೆಂಡತಿ ಕೆಲಸ ಹೇಗಿದೆ ಅಂತ ಕೇಳ್ತಾರೆ, ನನ್ನದು ಯಾರೂ ಕೇಳಲ್ಲ. ನಿನಗೇ ಬೇಸರ ಬಂದು ಬಿಟ್ಟುಬಿಡ್ತೀಯ ಅಂದ್ಕೊಂಡೆ.

"ನಾನು ಬೇಡ ಅಂದಿದ್ರೆ ನಾನು ಕೆಟ್ಟವನಾಗ್ತಿದ್ದೆ," ಅಂದ.

ಟಕಟಕಿಯ ಬೆರಳು ಸೀರೆ ಸೆರಗಿನ ಮೇಲೆ ಆಡ್ತಾ ಇದ್ದವು. ಅವನು ಹೇಳಿದ್ದನ್ನ ಟೈಪ್ ಮಾಡ್ತಿದ್ಲೋ ಏನೋ.

"ಬೇಡ ಅಂದಿದ್ರೆ ಜಗಳ ಆಡ್ತಿದ್ದೆ. ಆಡಿ ಆಡಿ ಕೊನೆಗೆ ನಿಮಗೋಸ್ಕರ ಬಿಟ್ಟೂ ಬಿಡ್ತಿದ್ನೇನೋ," ಅಂದ್ಲು. "ನನ್ನ ಚುಟುಕೆಲ್ಲ ಅಳಿಸೋವಾಗ ಅದರಿಂದ ಏನೂ ಆಗಲ್ಲ ಅಂತ ನಿಮಗೆ ಗೊತ್ತಿತ್ತು. ನಾನು ಪಕ್ಕದಲ್ಲಿ ನಿಂತು ನಿಮಗೆ ಚಹಾ ಕೊಡ್ತಿದ್ದೆ."

ಅಷ್ಟೇ. ಕೂಗಾಡಲಿಲ್ಲ, ಪಾತ್ರೆ ಎಸೆಯಲಿಲ್ಲ. ನಾನಾಗಿದ್ರೆ ಆ ಡಬ್ಬಿಯನ್ನೇ ಕಿಟಕಿಯಿಂದ ಬಿಸಾಕ್ತಿದ್ದೆ. ಅವಳು ಕುರ್ಚಿ ಎಳ್ಕೊಂಡು ಅವನ ಪಕ್ಕ ಕೂತು, ಎಲ್ಲಿ ಹಾಕಿದ್ರಿ ತೋರಿಸಿ ಅಂದ್ಲು. ಅವನು ತೋರಿಸಿದ. ತನ್ನ ಕೈಯಿಂದಲೇ ಕಡಿವಾಣ ತೆಗೆದ್ಲು. ಡಬ್ಬಿಯ ಪಾಸ್‌ವರ್ಡು ಬದಲಾಯಿಸೋದು ಹೇಗೆ ಅಂತ ಅವನಿಂದಲೇ ಕೇಳಿ ಕಲಿತು, ಆಮೇಲೆ ಸ್ವಲ್ಪ ಆ ಕಡೆ ತಿರುಗಿ ಅಂದ್ಲು. ಅವನು ಗೋಡೆ ಕಡೆ ತಿರುಗಿ ನಿಂತ. ಮದುವೆಯಾಗಿ ಅಷ್ಟು ವರ್ಷವಾದ ಗಂಡ, ಗೋಡೆ ಕಡೆ ತಿರುಗಿ ನಿಂತಿದ್ದ. ನನಗೆ ನೋಡೋಕಾಗಲಿಲ್ಲ, ಒಲೆ ಮೇಲೆ ಏನೂ ಇಲ್ಲದಿದ್ರೂ ಅಡುಗೆಮನೆಗೆ ಹೋದೆ.

ಮೇಡಂ ಕೂತು ನೋಡಿದ ದಿನ ಪಾಠ ಸರಾಗವಾಗಿ ಹೋಯ್ತು. ಮೇಷ್ಟ್ರು ತಮಾಷೆ ಮಾಡಿದ್ರಂತೆ, ಟಕಟಕಿ ಅದನ್ನೂ ಬಿಡದೆ ಟೈಪ್ ಮಾಡಿದ್ಲಂತೆ, ಎಲ್ಲರ ಜೊತೆಗೇ ಆ ಹುಡುಗಿ ನಕ್ಕಳಂತೆ. ಕೆಲಸ ಉಳೀತು. ನನಗೆ ಬಂದು ಹೇಳಿದ್ಲು. ಅವನಿಗೆ ಹೇಳಿದ್ಲೋ ಇಲ್ವೋ, ನಾನು ಕೇಳೋಕೆ ಹೋಗಲಿಲ್ಲ.

ಮನೆ ಮಾಮೂಲಾಯ್ತು ಅಂತ ಹೊರಗಿನವರು ಅನ್ನಬಹುದು. ಅವನಿಗೆ ಬಡಿಸ್ತಾಳೆ, ಅಂಗಿ ಗುಂಡಿ ಹಾಕಿಕೊಡ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡ್ತಾಳೆ. ಅವನೂ ತಿದ್ದಿಕೊಂಡಿದ್ದಾನೆ, ಸುಳ್ಳು ಯಾಕೆ ಹೇಳಲಿ. ಅವಳ ಕೋಣೆಗೆ ಒಳ್ಳೇ ಕುರ್ಚಿ ತಂದುಹಾಕಿದ. ನೀನು ಹೇಳು, ಆ ಚುಟುಕುಗಳನ್ನ ನಾನು ಕೂತು ಹಾಕಿಕೊಡ್ತೀನಿ ಅಂತ ಒಂದು ದಿನ ಅಂದ. ಪರವಾಗಿಲ್ಲ, ನಾನೇ ಹಾಕ್ಕೋತೀನಿ ಅಂದ್ಲು. ರೀ, ಸ್ವಲ್ಪ ಬನ್ನಿ ಅನ್ನೋ ಮಾತು ಮಾತ್ರ ಆಮೇಲೆ ನಮ್ಮನೇಲಿ ಕೇಳಿಸಿಲ್ಲ. ಕಂಪ್ಯೂಟರ್ ಕೆಟ್ಟರೆ ರಿಪೇರಿ ಅಂಗಡಿ ಹೆಂಗಸಿನ ಹತ್ತಿರ ಹೊತ್ಕೊಂಡು ಹೋಗ್ತಾಳೆ.

ಮೊನ್ನೆ ಬೆಳಿಗ್ಗೆ ನೆಟ್ಟು ಪೂರಾ ನಿಂತುಹೋಯ್ತು. ಟಕಟಕಿ ಹೆಡ್‌ಫೋನ್ ಕುತ್ತಿಗೆಗೆ ಹಾಕ್ಕೊಂಡೇ ಹೊರಗೆ ಬಂದು ಹಾಲಿನ ಬಾಗಿಲಲ್ಲಿ ನಿಂತ್ಲು. ಏನೂ ಕೇಳಲಿಲ್ಲ. ಅವನು ಚಹಾ ಲೋಟ ಕೆಳಗಿಟ್ಟು ಎದ್ದ.

"ನಾನಲ್ಲ," ಅಂದ. "ಆಣೆ ಮಾಡಿ ಹೇಳ್ತೀನಿ, ನಾನು ಏನೂ ಮಾಡಿಲ್ಲ."

ಅವಳು ಹಾಗೇ ನಿಂತಿದ್ಲು. ಅವನು ಚಪ್ಪಲಿ ಕೂಡ ಹಾಕ್ಕೊಳ್ಳದೆ ಮೆಟ್ಟಿಲು ಇಳಿದು ಓಡಿದ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆ ದರ್ಜಿಯನ್ನ ಕರ್ಕೊಂಡು ಬಂದ. ಆ ಮನುಷ್ಯ ಕುತ್ತಿಗೆಗೆ ಅಳತೆ ಟೇಪು ಹಾಕ್ಕೊಂಡು, ಯಾರಿಗೋ ಏನೋ ಆಗಿದೆ ಅಂತ ಗಾಬರಿಯಾಗಿ ಮೇಲೆ ಬಂದಿದ್ದ. ಹೇಳಿ, ಇವಳಿಗೆ ಹೇಳಿ, ನಿಮ್ಮ ಮನೇಲೂ ನೆಟ್ ಇಲ್ಲ ತಾನೆ ಅಂತ ನನ್ನ ಮಗ ಅವನ ತೋಳು ಹಿಡಿದು ಕೇಳ್ದ. ಇಲ್ಲಮ್ಮ, ರಸ್ತೆ ಅಗೆಯೋರು ಕೇಬಲ್ ಕತ್ತರಿಸಿ ಹಾಕಿದ್ದಾರಂತೆ, ಯಾರ ಮನೇಲೂ ಇಲ್ಲ ಅಂತ ದರ್ಜಿ ಹೇಳ್ದ. ಟಕಟಕಿ ದರ್ಜಿಗೆ, ಸರಿ, ನಿಮಗೆ ತೊಂದರೆ ಆಯ್ತು ಅಂದ್ಲು. ಪಾಠ ತಪ್ಪಬಾರದು, ಮುಖ್ಯ ರಸ್ತೆಯಲ್ಲಾದ್ರೂ ನೆಟ್ಟು ಇರಬಹುದು ಅಂತ ಕಂಪ್ಯೂಟರ್ ಚೀಲಕ್ಕೆ ಹಾಕ್ಕೊಂಡು ರಿಪೇರಿ ಅಂಗಡಿ ಕಡೆ ಹೊರಟುಹೋದ್ಲು. ಗಂಡನ ಕಡೆ ತಿರುಗಿ ನೋಡಲಿಲ್ಲ.

ಅವನು ಕುರ್ಚಿ ಮೇಲೆ ಕುಸಿದು ಕೂತ. ಬರಿಗಾಲಿಗೆಲ್ಲ ಮಣ್ಣು ಮೆತ್ತಿತ್ತು. ಅಮ್ಮ, ನೀನಾದ್ರೂ ನಂಬ್ತೀಯ ತಾನೆ ಅಂದ. ನಂಬ್ತೀನಪ್ಪ ಅಂತ ತಲೆ ಸವರಿದೆ. ಸವರಿ, ಒಣಗಿದ ಬಟ್ಟೆ ತರೋ ನೆಪದಲ್ಲಿ ಬಾಲ್ಕನಿಗೆ ಹೋಗಿ, ಎದುರು ಮನೆಯವಳನ್ನ ಕೂಗಿ ಕೇಳಿದೆ, ನಿಮ್ಮ ಮನೇಲೂ ನೆಟ್ ಇಲ್ವಾ ಅಂತ.